ಗ್ರೈಂಡರ್ ಗಾರ್ಡ್ ಬಿಚ್ಚಿ ಕೆಲ್ಸ ಮಾಡ್ಬೋದಾ?

ಪ್ರಶ್ನೆ: ಸರ್, ಜಿಐ ಪೈಪ್ ಕಟ್ ಮಾಡೋಕೆ, ಕತ್ತಿ ಮಸೆಯೋಕೆ ಅಂತ ನಾಲ್ಕಿಂಚಿನ ಗ್ರೈಂಡರ್ ತಗೊಂಡಿದೀನಿ. ಪಕ್ಕದ ತೋಟದವ್ರು ಡಿಸ್ಕನ್ನ ಮುಚ್ಚೋ ತಗಡು, ಅಂದ್ರೆ ಗಾರ್ಡ್ ಬಿಚ್ಚಿ ಮರ ಕೊಯ್ಯೋ ಹಲ್ಲಿನ ಬ್ಲೇಡ್ ಹಾಕ್ಕೊಂಡಿದಾರೆ, ನೀವೂ ಹಂಗೇ ಮಾಡಿ ಒಂದೇ ಮಷಿನ್‌ನಲ್ಲಿ ಎಲ್ಲಾ ಆಗುತ್ತೆ ಅಂತಾರೆ. ನಾನೂ ಗಾರ್ಡ್ ಬಿಚ್ಚಿದ್ದೆ. ಹೋದ ವಾರ ಪೈಪ್ ಕಟ್ ಮಾಡ್ತಿರುವಾಗ ಡಿಸ್ಕ್ ಒಡೆದು ಒಂದು ಚೂರು ಹಾರಿ ಗೋಡೆಗೆ ಬಡೀತು. ಅವತ್ತಿಂದ ಮುಟ್ಟೋಕೆ ಭಯ. ನಾನೇನು ತಪ್ಪು ಮಾಡಿದೆ?
— ಸಾಗರ ತಾಲೂಕಿನ ಅಡಿಕೆ ಬೆಳೆಗಾರರು

ಉತ್ತರ: ನಿಮ್ಗೆ ಬಡೀದೆ ಗೋಡೆಗೆ ಬಡೀತಲ್ಲ, ಅಷ್ಟು ಸಾಕು. ಇವತ್ತೇ ಆ ಗಾರ್ಡ್ ಹುಡುಕಿ ವಾಪಸ್ ಹಾಕಿ. ನಾಲ್ಕಿಂಚಿನ ಮಷಿನ್ ನಿಮಿಷಕ್ಕೆ ಹತ್ರತ್ರ 11,000 ಸುತ್ತು ತಿರುಗುತ್ತೆ, ಅಂದ್ರೆ ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಓಡ್ತಿರುತ್ತೆ, ಆ ವೇಗದಲ್ಲಿ ಬರೋ ಚೂರಿಗೂ ನಿಮ್ಮ ಮುಖಕ್ಕೂ ಮಧ್ಯೆ ಇರೋದು ಆ ಗಾರ್ಡ್ ತಗಡು ಒಂದೇ.

ಡಿಸ್ಕ್ ಯಾಕೆ ಒಡೀತು ಅಂತ ನಾನು ನೋಡದೆ ಖಚಿತ ಹೇಳೋಕಾಗಲ್ಲ, ಆದ್ರೆ ಪೈಪ್ ಕಟ್ ಮಾಡುವಾಗ ಹೆಚ್ಚಾಗಿ ಆಗೋದು ಹೀಗೆ. ಪೈಪಿನ ಎರಡೂ ತುದಿಗೆ ಕಲ್ಲು ಕೊಟ್ಟು ನಡುವೆ ಕೊಯ್ತೀರಿ. ಅರ್ಧ ಆಗ್ತಿದ್ದ ಹಾಗೆ ಪೈಪ್ ತನ್ನ ಭಾರಕ್ಕೇ ನಡುವೆ ಬಾಗುತ್ತೆ, ಕೊಯ್ದ ಸಂದಿ ಮೇಲಿಂದ ಮುಚ್ಕೊಂಡು ಡಿಸ್ಕನ್ನ ಕಚ್ಚಿ ಹಿಡಿಯುತ್ತೆ. ಡಿಸ್ಕ್ ನಿಂತ್ರೂ ಮೋಟರ್ ನಿಲ್ಲಲ್ಲ, ಮಷಿನ್ ಪಟ್ಟಂತ ಹಿಂದಕ್ಕೆ ಒದೆಯುತ್ತೆ, ಇಲ್ಲಾ ಡಿಸ್ಕ್ ಚೂರಾಗುತ್ತೆ. ಅದಕ್ಕೆ ಪೈಪನ್ನ ವೈಸ್‌ಗೋ ಕ್ಲಾಂಪ್‌ಗೋ ಬಿಗಿದು, ಕಟ್ ಆಗಿ ಬೀಳೋ ತುಂಡು ಆಚೆ ಕಡೆ ನೇತಾಡ್ತಾ ಇರೋ ಹಾಗೆ ಇಟ್ಕೊಳ್ಳಿ. ಆಗ ಕೊಯ್ದಷ್ಟೂ ಸಂದಿ ಅಗಲ ಆಗುತ್ತೆ. ಕಾಲಲ್ಲಿ ಮೆಟ್ಕೊಂಡು ಕಟ್ ಮಾಡೋ ಅಭ್ಯಾಸ ಇದ್ರೆ ದಯವಿಟ್ಟು ಬಿಟ್ಬಿಡಿ. ಸೈಡ್ ಹ್ಯಾಂಡಲ್ ಹಾಕಿ, ಎರಡೂ ಕೈಯಲ್ಲಿ ಹಿಡೀರಿ, ಡಿಸ್ಕಿನ ನೇರಕ್ಕೆ ನಿಲ್ಬೇಡಿ, ಸ್ವಲ್ಪ ಪಕ್ಕಕ್ಕೆ ಸರ್ದು ನಿಲ್ಲಿ.

ಡಿಸ್ಕೂ ನೋಡಿ ತಗೊಳ್ಳಿ. ಅದರ ಮೇಲೆ ಬರೆದಿರೋ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನೋ ಲೆಕ್ಕ) ನಿಮ್ಮ ಮಷಿನ್ ಆರ್‌ಪಿಎಂಗಿಂತ ಜಾಸ್ತಿ ಇರ್ಬೇಕು. ಗಾರ್ಡ್ ಹೇಗೂ ಇಲ್ವಲ್ಲ ಅಂತ ಕೆಲವರು ದೊಡ್ಡ ಡಿಸ್ಕ್ ಹಾಕ್ತಾರೆ, ಏಳಿಂಚಿನ ಡಿಸ್ಕ್ ತಡೆಯೋದು ಸುಮಾರು 8,500 ಸುತ್ತು ಮಾತ್ರ, ಅದನ್ನ 11,000ಕ್ಕೆ ತಿರುಗಿಸಿದ್ರೆ ಏನಾಗುತ್ತೆ ಯೋಚ್ನೆ ಮಾಡಿ. ನಡುವಿನ ಲೋಹದ ಬಳೆ ಮೇಲೆ ತಿಂಗಳು, ವರ್ಷ ಒತ್ತಿದ್ರೆ ನೋಡ್ಕೊಳ್ಳಿ, ಅದು ಎಕ್ಸ್‌ಪೈರಿ. ನಿಮ್ಮ ಕಡೆ ಮಳೆಗಾಲದ ತೇವ ಹೇಳ್ಬೇಕಾ, ಡಿಸ್ಕ್ ತೇವ ಹೀರಿದ್ರೆ ಅಂಟು ಸಡಿಲ ಆಗುತ್ತೆ, ಕೊಟ್ಟಿಗೆ ಗೋಡೆ ಮೊಳೆಗೆ ನೇತುಹಾಕ್ಬೇಡಿ. ಕೆಳಗೆ ಬಿದ್ದಿರೋ ಡಿಸ್ಕ್ ಚೆನ್ನಾಗೇ ಕಂಡ್ರೂ ಎಸೀರಿ. ಹೊಸದು ಹಾಕಿದ್ಮೇಲೆ ಒಂದು ನಿಮಿಷ ಖಾಲಿ ಓಡ್ಸಿ ಆಮೇಲೆ ಕೆಲ್ಸಕ್ಕೆ ಹಚ್ಚಿ. ಕತ್ತಿ ಮಸೆಯೋಕೆ 1 ಎಂಎಂ ಕಟಿಂಗ್ ಡಿಸ್ಕಿನ ಪಕ್ಕೆ ಒತ್ಬೇಡಿ, ಅದಕ್ಕೆ ದಪ್ಪ ಗ್ರೈಂಡಿಂಗ್ ಡಿಸ್ಕ್ ಬೇರೆ ಇದೆ, ಅದ್ರಲ್ಲೂ ಹಗುರಕ್ಕೆ ತಾಗ್ಸಿ, ಅಲಗು ನೀಲಿ ತಿರುಗಿದ್ರೆ ಹದ ಹೋಯ್ತು ಅಂತ್ಲೇ ಲೆಕ್ಕ.

ಇನ್ನು ಹಲ್ಲಿನ ಬ್ಲೇಡ್. ಬೇಡವೇ ಬೇಡ. ಕಟಿಂಗ್ ಡಿಸ್ಕ್ ಸವೆಸುತ್ತಾ ಹೋಗುತ್ತೆ, ಹಲ್ಲಿನ ಬ್ಲೇಡ್ ಮರದ ಗಂಟನ್ನ ಕಚ್ಚಿ ಹಿಡಿದು ಮಷಿನ್ನನ್ನೇ ಮೇಲೆ ಎಗರಿಸುತ್ತೆ. ಎಗರಿದ್ದು ಹೋಗೋದು ತೊಡೆಗೆ, ಇಲ್ಲಾ ಕುತ್ತಿಗೆಗೆ, ಎರಡೂ ಕಡೆ ದೊಡ್ಡ ರಕ್ತನಾಳ ಇದೆ. ಪಕ್ಕದವ್ರಿಗೂ ಹೇಳಿ, ಬೇಜಾರಾದ್ರೂ ಪರವಾಗಿಲ್ಲ. ಮರಕ್ಕೆ ಸರ್ಕ್ಯುಲರ್ ಸಾ ಇದೆ, ನಮ್ಮ ಕೈಗರಗಸ ಇದೆ.

ಕರೆಂಟ್ ವಿಷ್ಯ ಯಾರೂ ಹೇಳಲ್ಲ, ಅದಕ್ಕೆ ನಾನು ಹೇಳ್ತೀನಿ. ನಮ್ಮ ಶೆಡ್‌ನಲ್ಲಿ ಒಂದ್ಸಲ ಕೆಲ್ಸದ ನಡುವೆ ಕರೆಂಟ್ ಹೋಯ್ತು, ಹುಡುಗ ಗ್ರೈಂಡರ್ ನೆಲದ ಮೇಲಿಟ್ಟು ಟೀ ಕುಡಿಯೋಕೆ ಹೋದ, ಸ್ವಿಚ್ ಆನ್‌ನಲ್ಲೇ ಲಾಕ್ ಆಗಿತ್ತು. ಕರೆಂಟ್ ಬಂದಿದ್ದೇ ತಡ ಮಷಿನ್ ನೆಲದ ಮೇಲೆ ಗಿರಗಿರ ಸುತ್ತುತ್ತಾ ತನ್ನ ವೈರನ್ನೇ ಕೊಯ್ಕೊಂಡು ನಿಂತ್ತು. ಅಲ್ಲಿ ಯಾರ ಕಾಲೂ ಇರ್ಲಿಲ್ಲ ಅಷ್ಟೇ. ಕರೆಂಟ್ ಹೋದ ತಕ್ಷಣ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ, ಡಿಸ್ಕ್ ಬದಲಾಯಿಸುವಾಗಲೂ ಹಾಗೇ.

ಪಂಚೆ, ಹೆಗಲ ಮೇಲಿನ ಟವೆಲ್, ನೂಲಿನ ಗ್ಲೌಸ್ ಯಾವುದೂ ಬೇಡ, ಸುತ್ಕೊಂಡ್ರೆ ಕೈಯೂ ಜೊತೆಗೆ ಹೋಗುತ್ತೆ. ಕಣ್ಣಿಗೆ ಪಕ್ಕದಿಂದಲೂ ಮುಚ್ಚೋ ಗಾಗಲ್ಸ್, ಅದ್ರ ಮೇಲೆ ಫೇಸ್ ಶೀಲ್ಡ್. ಕಿಡಿ ಹಾರೋ ಕಡೆ ಒಣ ಸೋಗೆ, ಅಡಿಕೆ ಸಿಪ್ಪೆ, ಪೆಟ್ರೋಲ್ ಕ್ಯಾನ್ ಇಲ್ದಂಗೆ ನೋಡ್ಕೊಳ್ಳಿ.

ಪ್ರಶ್ನೆ: ಗ್ರೈಂಡರ್ ಕಿಡಿ ಕಣ್ಣಿಗೆ ಬಿದ್ರೆ ಸೆರಗಿನ ತುದಿಯಿಂದ ತೆಗೀಬಹುದಾ? ನಮ್ಮನೆಯವ್ರಿಗೆ ಆಗಾಗ ಹೀಗಾಗುತ್ತೆ, ನಾನೇ ತೆಗೀತೀನಿ.
— ಹಾವೇರಿಯ ಓದುಗರು

ಉತ್ತರ: ತೆಗೀಬೇಡಿ ಅಮ್ಮ. ಅದು ಕಾದ ಕಬ್ಬಿಣದ ಚೂರು, ಕಣ್ಣಿನ ಕರಿಗುಡ್ಡೆ ಮೇಲಿನ ತೆಳು ಪೊರೆಗೆ ಅಂಟ್ಕೊಂಡು ಕೂತಿರುತ್ತೆ. ಬೇಗ ತೆಗೆಸ್ದಿದ್ರೆ ಅದ್ರ ಸುತ್ತ ತುಕ್ಕಿನ ಕಲೆ ಕಟ್ಟುತ್ತೆ. ನನಗೂ ಒಮ್ಮೆ ಆಗಿದೆ, ರಾತ್ರಿಯಿಡೀ ಉಜ್ಜಿ ಬೆಳಿಗ್ಗೆ ಡಾಕ್ಟ್ರ ಹತ್ರ ಹೋದಾಗ ಚೂರು ತೆಗೆದ್ಮೇಲೂ ತುಕ್ಕನ್ನ ಬೇರೆ ಕೆರೆದು ತೆಗೀಬೇಕಾಯ್ತು, ಎರಡ್ಸಲ ಓಡಾಡಿದೆ. ಉಜ್ಜೋಕೆ ಬಿಡ್ಬೇಡಿ, ಶುದ್ಧ ನೀರಲ್ಲಿ ತೊಳೆದು ಅದೇ ದಿನ ಕಣ್ಣಿನ ಡಾಕ್ಟ್ರಿಗೆ ತೋರ್ಸಿ. ಏನೋ ಚುಚ್ಚಿ ಒಳಗೇ ಹೋದಂಗಿದ್ರೆ, ದೃಷ್ಟಿ ಮಂಜಾದ್ರೆ, ತೊಳೀಲೂ ಬೇಡಿ, ಒತ್ಲೂ ಬೇಡಿ, ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಪದೇ ಪದೇ ಆಗ್ತಿದೆ ಅಂದ್ರೆ ಅವ್ರು ಗಾಗಲ್ಸ್ ಹಾಕ್ತಿಲ್ಲ, ನಾಳೆಯಿಂದ ಊಟದ ಡಬ್ಬಿ ಜೊತೆ ಅದನ್ನೂ ಚೀಲಕ್ಕೆ ಹಾಕಿ ಕಳ್ಸಿ.