ಬೆಲ್ಟ್ ಬದಲಿಸಿದರೂ ಕೀಚಲು ಸದ್ದು ನಿಲ್ಲದಿದ್ದರೆ

ಪ್ರಶ್ನೆ: ಸರಕು ಸಾಗಿಸಲು ಬಳಸುವ ನನ್ನ ಡೀಸೆಲ್ ಪಿಕಪ್ ವಾಹನವನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿನಿಂದ ಕೀಚಲು ಸದ್ದು ಬರುತ್ತದೆ. ಐದಾರು ನಿಮಿಷಗಳಲ್ಲಿ ಅದು ತಗ್ಗುತ್ತದೆ, ಆದರೆ ರೇಸ್ ಕೊಟ್ಟಾಗ ಗುರ್ರೆನ್ನುವ ಇನ್ನೊಂದು ಸದ್ದು ಕೇಳುತ್ತಲೇ ಇರುತ್ತದೆ. ಎರಡು ತಿಂಗಳ ಹಿಂದೆ ಡ್ರೈವ್ ಬೆಲ್ಟ್ ಹೊಸದು ಹಾಕಿಸಿದೆ. ಮೂರು ವಾರ ಸುಮ್ಮನಿದ್ದು ಮತ್ತೆ ಶುರುವಾಯಿತು. ಈಗ ಮೆಕ್ಯಾನಿಕ್, ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರನ್ನೇ ಬದಲಿಸಬೇಕು ಎನ್ನುತ್ತಾರೆ. ಬ್ಯಾಟರಿ ದೀಪವಂತೂ ಹೊತ್ತಿಲ್ಲ. ಏನು ಮಾಡಲಿ?

ಉತ್ತರ: ಆಲ್ಟರ್ನೇಟರ್ ಕೆಟ್ಟಿದೆಯೆಂದು ಖಚಿತವಾಗುವವರೆಗೆ ಅದನ್ನು ಬದಲಿಸಬೇಡಿ. ನಿಮ್ಮ ಪತ್ರದಲ್ಲಿರುವುದು ಒಂದು ಸದ್ದಲ್ಲ, ಎರಡು. ಕೀಚಲು ಬೆಲ್ಟಿನದು, ಗುರ್ರೆನ್ನುವುದು ಬಹುಮಟ್ಟಿಗೆ ಯಾವುದೋ ಬೇರಿಂಗಿನದು. ಎರಡನ್ನೂ ಬೇರೆಬೇರೆಯಾಗಿ ಹುಡುಕಬೇಕು. ಹೊಸ ಬೆಲ್ಟ್ ಮೂರೇ ವಾರದಲ್ಲಿ ಕೂಗತೊಡಗಿತೆಂದರೆ ದೋಷ ಬೆಲ್ಟಿನಲ್ಲಿಲ್ಲ, ಅದನ್ನು ಸ್ಪ್ರಿಂಗಿನಿಂದ ಬಿಗಿಯಾಗಿ ಹಿಡಿದಿಡುವ ಟೆನ್ಷನರಿನಲ್ಲೋ ಅದು ಸುತ್ತಿಕೊಂಡು ಓಡುವ ಪುಲ್ಲಿಗಳಲ್ಲೋ ಇದೆ ಎಂದೇ ನನ್ನ ಎಣಿಕೆ.

ಬೆಳಿಗ್ಗೆ ಮಾತ್ರ ಕೂಗುವುದಕ್ಕೆ ಕಾರಣವಿದೆ. ಸ್ಟಾರ್ಟ್ ಮಾಡುವಾಗ ಖರ್ಚಾದ ವಿದ್ಯುತ್ತನ್ನು ಬ್ಯಾಟರಿಗೆ ತುಂಬಲು ಮೊದಲ ಕೆಲವು ನಿಮಿಷ ಆಲ್ಟರ್ನೇಟರ್ ಹೆಚ್ಚು ದುಡಿಯುತ್ತದೆ, ಅಷ್ಟೇ ಬಿಗಿಯಾಗಿ ಬೆಲ್ಟನ್ನು ಎಳೆಯುತ್ತದೆ. ಟೆನ್ಷನರಿನ ಸ್ಪ್ರಿಂಗ್ ಸೋತಿದ್ದರೆ ಆ ಹೊತ್ತಿನಲ್ಲಿ ಬೆಲ್ಟ್ ಪುಲ್ಲಿಯ ಮೇಲೆ ಜಾರಿ ಕೀಚುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಒಂದು ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿ, ಎಂಜಿನ್ ಐಡ್ಲಿಂಗಿನಲ್ಲಿ ಓಡುತ್ತಿರುವಾಗ, ಕೈಯನ್ನೂ ಬಟ್ಟೆಯ ತುದಿಯನ್ನೂ ದೂರವಿಟ್ಟುಕೊಂಡು, ಬೆಲ್ಟಿನ ಏಣುಗಳಿರುವ ಒಳಮೈಗೆ ಸ್ವಲ್ಪ ಸಿಂಪಡಿಸಿ. ಸದ್ದು ಜೋರಾದರೆ ಬೆಲ್ಟ್ ಸಡಿಲವಾಗಿದೆ. ಸದ್ದು ಕೆಲವು ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ನೇರ ತಪ್ಪಿದ ಪುಲ್ಲಿಯ ಸದ್ದು ಉದ್ದವಾದ ಕೀಚಲಾಗಿರದೆ, ಹಕ್ಕಿಮರಿಯ ಹಾಗೆ ಚಿಂವ್ ಚಿಂವ್ ಎಂದು ಬಿಟ್ಟುಬಿಟ್ಟು ಬರುವುದೂ ಒಂದು ಗುರುತು. ಎಂಜಿನ್ ನಿಲ್ಲಿಸಿ ಪುಲ್ಲಿಗಳ ಮುಖಕ್ಕೆ ನೇರವಾದ ಪಟ್ಟಿಯೊಂದನ್ನು ಹಿಡಿದು ನೋಡಿದರೆ ಒಂದೂವರೆ ಮಿಲಿಮೀಟರಿನಷ್ಟು ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ, ಬೆಲ್ಟ್ ಕೂಗಲು ಅಷ್ಟೇ ಸಾಕು. ಎಣ್ಣೆಯೋ ಕೂಲಂಟೋ ಸೋರಿ ಬೆಲ್ಟಿಗೆ ತಗುಲಿದ್ದರೆ ಮೊದಲು ಸೋರಿಕೆಯನ್ನು ನಿಲ್ಲಿಸಬೇಕು.

ಇನ್ನು ಟೆನ್ಷನರಿನ ತೋಳನ್ನು ಒಂದೆರಡು ನಿಮಿಷ ಕಣ್ಣಿಟ್ಟು ನೋಡಿ. ಐಡ್ಲಿಂಗಿನಲ್ಲಿ ಅದು ಸಣ್ಣಗೆ ಮಿಡಿಯುವುದು ಸಹಜ. ಆದರೆ ಎದ್ದೆದ್ದು ಕುಣಿಯುತ್ತಿದ್ದರೆ ಎರಡು ಸಾಧ್ಯತೆಗಳಿವೆ: ಟೆನ್ಷನರ್ ಸವೆದಿರಬೇಕು, ಇಲ್ಲವೇ ಆಲ್ಟರ್ನೇಟರಿನ ಪುಲ್ಲಿ ಬಿಗಿದುಕೊಂಡಿರಬೇಕು. ಈ ಎರಡನೆಯದು ನಿಮ್ಮಂಥ ಡೀಸೆಲ್ ವಾಹನಗಳಲ್ಲಿ ಬಹಳ ಸಲ ಗಮನಕ್ಕೇ ಬರುವುದಿಲ್ಲ. ಡೀಸೆಲ್ ಎಂಜಿನ್ ಪ್ರತಿ ಸಿಲಿಂಡರ್ ಉರಿದಾಗಲೂ ಒಂದೊಂದು ತಳ್ಳು ಕೊಡುತ್ತಾ ತಿರುಗುತ್ತದೆ. ಆಲ್ಟರ್ನೇಟರಿನ ಭಾರವಾದ ರೋಟರ್ ಎಂಜಿನ್ನಿಗಿಂತ ಎರಡು ಮೂರು ಪಟ್ಟು ವೇಗವಾಗಿ ಸುತ್ತುತ್ತಿರುವುದರಿಂದ ಆ ಏರಿಳಿತವನ್ನು ತಕ್ಷಣ ಅನುಸರಿಸಲಾರದು. ಅದಕ್ಕಾಗಿ ಹಲವು ವಾಹನಗಳಲ್ಲಿ ಸೈಕಲ್ಲಿನ ಫ್ರೀವೀಲ್ ಹಾಗೆ ಒಂದೇ ದಿಕ್ಕಿನಲ್ಲಿ ಹಿಡಿಯುವ ಪುಲ್ಲಿಯನ್ನು ಕೂರಿಸಿರುತ್ತಾರೆ. ಅದು ಬಿಗಿದುಕೊಂಡರೆ ಎಂಜಿನ್ನಿನ ಪ್ರತಿಯೊಂದು ತಳ್ಳೂ ಬೆಲ್ಟಿಗೇ ಬಡಿಯುತ್ತದೆ, ಟೆನ್ಷನರ್ ಬೇಗ ಸವೆಯುತ್ತದೆ, ಎಷ್ಟು ಬೆಲ್ಟ್ ಹಾಕಿದರೂ ಬಾಳುವುದಿಲ್ಲ. ಪುಲ್ಲಿಯ ಮುಖದ ಮೇಲೆ ಪ್ಲಾಸ್ಟಿಕ್ ಮುಚ್ಚಳವಿದ್ದರೆ ಅದು ಸಾಮಾನ್ಯವಾಗಿ ಈ ಜಾತಿಯದು. ದೋಷ ಇದೊಂದರಲ್ಲೇ ಇದ್ದರೆ ಪುಲ್ಲಿಯೊಂದನ್ನೇ ಬದಲಿಸಬಹುದು, ಇಡೀ ಆಲ್ಟರ್ನೇಟರ್ ಬೇಕಾಗಿಲ್ಲ.

ಗುರ್ರೆನ್ನುವ ಸದ್ದಿಗೆ ಬೆಲ್ಟ್ ಕಳಚಿಯೇ ನೋಡಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಬೆಲ್ಟ್ ಯಾವ ಪುಲ್ಲಿಯ ಮೇಲೆ ಹೇಗೆ ಹಾದುಹೋಗಿದೆ ಎಂಬುದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು, ಆಮೇಲೆ ಕಳಚಿ. ಐಡ್ಲರ್ (ಬೆಲ್ಟಿಗೆ ದಾರಿ ತೋರಿಸುವುದಷ್ಟೇ ಕೆಲಸವಾದ ಪುಲ್ಲಿ), ಟೆನ್ಷನರ್, ವಾಟರ್ ಪಂಪ್, ಆಲ್ಟರ್ನೇಟರ್ ಹೀಗೆ ಪ್ರತಿಯೊಂದು ಪುಲ್ಲಿಯನ್ನೂ ಬೆರಳಿನಿಂದ ನಿಧಾನವಾಗಿ ತಿರುಗಿಸಿ. ಒಳ್ಳೆಯ ಬೇರಿಂಗ್ ಮೆತ್ತಗೆ, ನಿಶ್ಶಬ್ದವಾಗಿ ತಿರುಗುತ್ತದೆ. ಕೆಟ್ಟದ್ದು ಒಳಗೆ ಮರಳು ಸೇರಿದಂತೆ ಬೆರಳಿಗೆ ತರತರ ಎನ್ನುತ್ತದೆ, ಕೆಲವೊಮ್ಮೆ ಅದರ ಸುತ್ತ ಕೆಂಗಂದು ಬಣ್ಣದ ತುಕ್ಕಿನ ಪುಡಿಯೂ ಅಂಟಿರುತ್ತದೆ. ಪುಲ್ಲಿಯನ್ನು ಹಿಡಿದು ಅಲುಗಿಸಿದಾಗ ಲಟಲಟ ಎನ್ನಬಾರದು. ಒಂದೇ ದಿಕ್ಕಿನ ಪುಲ್ಲಿಯಿದ್ದರೆ ಅದನ್ನು ಪರೀಕ್ಷಿಸಲೂ ಇದೇ ಸಮಯ: ರೋಟರ್ ಕದಲದಂತೆ ಹಿಡಿದು ತಿರುಗಿಸಿದರೆ ಅದು ಒಂದು ಕಡೆಗೆ ಹಿಡಿಯಬೇಕು, ಇನ್ನೊಂದು ಕಡೆಗೆ ಬಿಡಬೇಕು. ಎರಡೂ ಕಡೆ ಹಿಡಿದರೂ ಕೆಟ್ಟಿದೆ, ಎರಡೂ ಕಡೆ ಬಿಟ್ಟರೂ ಕೆಟ್ಟಿದೆ.

ಎಂಜಿನ್ ಓಡುವಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕೇಳುವ ರೂಢಿಯಿದೆ. ನಾನು ಒಣಗಿದ ಮರದ ಕೋಲನ್ನೇ ಬಳಸುತ್ತೇನೆ, ಏಕೆಂದರೆ ಆಲ್ಟರ್ನೇಟರಿನ ಹಿಂಬದಿಯ ದಪ್ಪ ತಂತಿಯ ಬೋಲ್ಟಿನಲ್ಲಿ ಸದಾ ಬ್ಯಾಟರಿಯ ವಿದ್ಯುತ್ ಇರುತ್ತದೆ, ಅಲ್ಲಿಗೆ ಲೋಹ ತಾಗಬಾರದು.

ಕೊನೆಯದಾಗಿ ಮಲ್ಟಿಮೀಟರಿನಲ್ಲಿ ಬ್ಯಾಟರಿಯ ವೋಲ್ಟೇಜ್ ನೋಡಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್ ಹಾಕಿದೊಡನೆ ಗುಂಯ್ ಎನ್ನುವ ಸಣ್ಣ ಸದ್ದು ಏರಿದರೆ ಆಲ್ಟರ್ನೇಟರಿನೊಳಗೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಸುವ ಡಯೋಡಿನ ಮೇಲೆ ಅನುಮಾನ ಪಡಬೇಕು. ವೋಲ್ಟೇಜ್ ಸರಿಯಾಗಿದ್ದು, ಬೆರಳಿಗೂ ಅದು ನುಣ್ಣಗೆ ತಿರುಗಿದರೆ ನಿಮ್ಮ ಆಲ್ಟರ್ನೇಟರ್ ಬದಲಿಸಲು ಕಾರಣವೇ ಇಲ್ಲ.

ಪ್ರಶ್ನೆ: ಬೆಲ್ಟಿಗೆ ಅಂಟು ಸ್ಪ್ರೇ ಹೊಡೆದರೆ ಸದ್ದು ನಿಲ್ಲುತ್ತದೆಯಂತೆ, ನಿಜವೇ? ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ತಂತಿ ಕಿತ್ತು ಆಲ್ಟರ್ನೇಟರ್ ಪರೀಕ್ಷಿಸಬಹುದೇ?

ಉತ್ತರ: ಎರಡನ್ನೂ ದಯವಿಟ್ಟು ಮಾಡಬೇಡಿ. ಸ್ಪ್ರೇ ಕೆಲವು ದಿನ ಸದ್ದನ್ನು ಮುಚ್ಚಿಡುತ್ತದೆ, ಆಮೇಲೆ ಧೂಳನ್ನು ಹಿಡಿದುಕೊಂಡು ಬೆಲ್ಟನ್ನೇ ಹಾಳುಮಾಡುತ್ತದೆ. ಬ್ಯಾಟರಿ ತಂತಿಯನ್ನು ಕಿತ್ತ ಕ್ಷಣದಲ್ಲಿ ವೋಲ್ಟೇಜ್ ಒಮ್ಮೆಲೇ ಹಲವು ಪಟ್ಟು ಮೇಲೇರಿ ಎಂಜಿನ್ನಿನ ಕಂಪ್ಯೂಟರನ್ನೂ ಡಯೋಡುಗಳನ್ನೂ ಸುಡಬಹುದು. ಎಲೆಕ್ಟ್ರಾನಿಕ್ಸ್ ಇಲ್ಲದ ಹಳೆಯ ವಾಹನಗಳ ಕಾಲದ ಆ ಪರೀಕ್ಷೆ ಇಂದಿನ ವಾಹನಕ್ಕೆ ಸಲ್ಲದು. ಮಲ್ಟಿಮೀಟರ್ ಸಾಕು.