ಹದ್ದಿನ ದಾರಿ ನಕ್ಷೆಯಲ್ಲಿಲ್ಲ

ಯಲಹಂಕದ ಕಡೆ ಮಾಂಸದಂಗಡಿ ಇಟ್ಟಿರುವ ಓದುಗರೊಬ್ಬರ ಪತ್ರ: “ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂತೆಂದರೆ ವಾರಗಟ್ಟಲೆ ಅಂಗಡಿ ಮುಚ್ಚಿಸುತ್ತಾರೆ. ಹದ್ದು ಬರುತ್ತದಂತೆ, ವಿಮಾನಕ್ಕೆ ಅಪಾಯವಂತೆ. ಕ್ವಾರಿಗೆ ವರ್ಷವಿಡೀ ಕಸ ಸುರಿಯುವ ಲಾರಿಗಳನ್ನು ಮಾತ್ರ ಯಾರೂ ತಡೆಯುವುದಿಲ್ಲ. ಹದ್ದಿನ ಮಾತು ನಿಜವೋ, ಬರೀ ನೆಪವೋ?”

ಸಂಪಾದಕರ ಉತ್ತರ:

ನಮಸ್ಕಾರ. ಹದ್ದಿನ ಮಾತು ನಿಜ. 1973ರ ಫೆಬ್ರವರಿ 26ರಂದು ಅಮೆರಿಕದ ಅಟ್ಲಾಂಟ ಬಳಿಯ ಡಿಕ್ಯಾಬ್-ಪೀಚ್‌ಟ್ರೀ ನಿಲ್ದಾಣದಿಂದ ಮೇಲೇರಿದ ಪುಟ್ಟ ಲಿಯರ್‌ಜೆಟ್ ವಿಮಾನ ಕೌಬರ್ಡ್ ಹಕ್ಕಿಗಳ ಹಿಂಡಿಗೆ ಸಿಕ್ಕಿ ಬಿತ್ತು. ಒಳಗಿದ್ದ 7 ಜನರೂ ಸತ್ತರು. ಆ ಹಕ್ಕಿಗಳನ್ನು ಅಲ್ಲಿಗೆ ಕರೆದದ್ದು ನಿಲ್ದಾಣದ ಪಕ್ಕದಲ್ಲೇ ಇದ್ದ ಕಸದ ಗುಂಡಿ. ಕೌಬರ್ಡ್ ಎಂದರೆ ನಮ್ಮ ಗೊರವಂಕಕ್ಕಿಂತ ಚಿಕ್ಕದು. ನಮ್ಮ ಹದ್ದು ಅದರ ಹತ್ತು ಪಟ್ಟಿಗೂ ಹೆಚ್ಚು ತೂಗುತ್ತದೆ.

ಆದರೆ ನಿಮ್ಮ ಸಿಟ್ಟೂ ನ್ಯಾಯವಾದದ್ದೇ. 1937ರ ವಿಮಾನ ನಿಯಮಗಳ 91ನೆಯ ನಿಯಮ ನೋಡಿ. ವಿಮಾನ ನಿಲ್ದಾಣದ ಸುತ್ತ 10 ಕಿ.ಮೀ. ಒಳಗೆ ಪ್ರಾಣಿ ಕಡಿಯುವುದು, ಚರ್ಮ ಸುಲಿಯುವುದು, ಹಕ್ಕಿಗಳನ್ನು ಸೆಳೆಯುವಂಥ ಕಸ ಹಾಕುವುದು ಎಲ್ಲವನ್ನೂ ಅದು ಒಂದೇ ಉಸಿರಿನಲ್ಲಿ ನಿಷೇಧಿಸುತ್ತದೆ. ಹೋಟೆಲು, ಮಾಂಸದಂಗಡಿ, ಮೀನಿನಂಗಡಿಗಳ ತ್ಯಾಜ್ಯದ ಹೆಸರೂ ಅದರಲ್ಲಿದೆ. 2025ರ ಪ್ರದರ್ಶನದ ಹೊತ್ತಿಗೆ ಯಲಹಂಕ ವಾಯುನೆಲೆಯ ಸುತ್ತ 13 ಕಿ.ಮೀ. ಒಳಗೆ ಮಾಂಸ ಮಾರಾಟ ನಿಲ್ಲಿಸಿದ್ದರು. ಅಂಗಡಿಗೆ ಇಷ್ಟು ಬಿಗಿಯಾದ ನಿಯಮ ಕಸದ ಗುಡ್ಡೆಗೂ ಅಷ್ಟೇ ಬಿಗಿಯಾಗಬೇಕಿತ್ತು.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇನ್ನೂ ದೂರ ಹೋಗಿ, ಭೂಭರ್ತಿ, ಅಂದರೆ ಕಸ ಹೂಳುವ ಜಾಗ ವಿಮಾನ ನಿಲ್ದಾಣ ಅಥವಾ ವಾಯುನೆಲೆಯಿಂದ 20 ಕಿ.ಮೀ. ಆಚೆ ಇರಬೇಕೆಂದವು. ವಿಶೇಷ ಸಂದರ್ಭದಲ್ಲಿ ನಿರಾಕ್ಷೇಪಣಾ ಪತ್ರ ಪಡೆದು 10ರಿಂದ 20 ಕಿ.ಮೀ. ನಡುವೆ ಮಾಡಬಹುದಿತ್ತು. ಈಗ ನಮ್ಮ ಉತ್ತರ ಬೆಂಗಳೂರನ್ನು ನೋಡಿ. ಬಾವಿ, ಕೆರೆಗಳ ನೀರು ಕೆಟ್ಟಿತೆಂದು ಊರವರು ವರ್ಷಗಟ್ಟಲೆ ಹೋರಾಡಿದ ಮೇಲೆ 2012ರಲ್ಲಿ ಮಾವಳ್ಳಿಪುರದಲ್ಲಿ ಕಸ ಸುರಿಯುವುದು ನಿಂತಿತು. ಲಾರಿಗಳು ಮಂಡೂರಿಗೆ ಹೋದವು. ಅಲ್ಲೂ ಜನ ರಸ್ತೆಗಿಳಿದರು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕ್ವಾರಿಗಳು. ಮಾವಳ್ಳಿಪುರವಾಗಲಿ ಈ ಕ್ವಾರಿಗಳಾಗಲಿ, ಯಲಹಂಕ ವಾಯುನೆಲೆಯ 20 ಕಿ.ಮೀ. ಒಳಗೇ ಇವೆ. ಖಾಲಿ ಕ್ವಾರಿ ಎಲ್ಲಿದೆ ಎಂದು ಹುಡುಕಿದೆವೇ ಹೊರತು, ಅದರ ಮೇಲಿನ ಆಕಾಶ ಯಾರದು ಎಂದು ಕೇಳಲಿಲ್ಲ.

ಹಾಗೆಂದು ಕೈವಾರದಿಂದ ಒಂದು ವೃತ್ತ ಎಳೆದರೆ ಮುಗಿಯಿತು ಎಂದು ನಾನು ನಂಬುವುದಿಲ್ಲ. ಹದ್ದು ಉಣ್ಣುವುದು ಒಂದು ಕಡೆ, ನೀರು ಕುಡಿಯುವುದು ಇನ್ನೊಂದು ಕಡೆ, ರಾತ್ರಿ ಕೂರುವ ಮರ ಮತ್ತೊಂದು ಕಡೆ. ಇಳಿಯುವ ವಿಮಾನ ರನ್‌ವೇಯಿಂದ 10 ಕಿ.ಮೀ. ದೂರದಲ್ಲಿರುವಾಗ ಸುಮಾರು 500 ಮೀಟರ್ ಎತ್ತರದಲ್ಲಿರುತ್ತದೆ. ಮಧ್ಯಾಹ್ನದ ಬಿಸಿಗಾಳಿ ಸಿಕ್ಕಿದರೆ ಹದ್ದು ರೆಕ್ಕೆ ಬಡಿಯದೆ ಅಲ್ಲಿಗೇರುತ್ತದೆ. ಗುಡ್ಡೆ ಒಂದು ಬದಿ, ಕೆರೆ ಇನ್ನೊಂದು ಬದಿ ಇದ್ದು ವಿಮಾನದ ದಾರಿ ನಡುವೆ ಬಂದರೆ, ಗುಡ್ಡೆ ವೃತ್ತದಾಚೆ ಇದ್ದರೂ ಅಪಾಯ ತಪ್ಪದು. ಕಟ್ಟಡ ಎಷ್ಟು ಎತ್ತರ ಕಟ್ಟಬಹುದೆಂದು ಹೇಳಲು ನಿಲ್ದಾಣಗಳ ಸುತ್ತ ಬಣ್ಣ ಬಣ್ಣದ ವಲಯ ನಕ್ಷೆಗಳಿವೆ. ಹಕ್ಕಿಗಳ ಓಡಾಟ ಗುರುತಿಸಿದ ಅಂಥದೇ ಪದರ, ಯಾವ ಜಾಗ ಯಾವುದಕ್ಕೆ ಎಂದು ಹೇಳುವ ನಗರದ ಮಾಸ್ಟರ್ ಪ್ಲಾನಿನಲ್ಲೂ ಬೇಕು. ಬೆಂಗಳೂರಿಗೆ ಒಂದು ಯೋಜನಾ ಪ್ರಾಧಿಕಾರ, ದೇವನಹಳ್ಳಿ ಸುತ್ತಲಿಗೆ ಇನ್ನೊಂದು. ಹದ್ದಿಗೆ ಈ ಗಡಿ ಗೊತ್ತಿಲ್ಲ, ಆದ್ದರಿಂದ ಇಬ್ಬರೂ ಒಟ್ಟಿಗೆ ಕೂತೇ ಆ ನಕ್ಷೆ ಮಾಡಬೇಕು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ವೃತ್ತದಾಚೆಯೂ ಊರುಗಳಿವೆ. ಅಲ್ಲಿ ವಿಮಾನವಿಲ್ಲ ಎಂಬ ಕಾರಣಕ್ಕೆ ಅಲ್ಲಿನವರ ಬಾವಿಗೆ ನಮ್ಮ ಕೊಳೆನೀರು ಇಳಿಯಬೇಕೇ? ಹಕ್ಕಿ ಬರುವುದು ಹಸಿ ಕಸಕ್ಕೆ. ಕಟ್ಟಡದ ಮಣ್ಣಿಗೆ, ಬೂದಿಗೆ ಅದು ಬರುವುದಿಲ್ಲ. ಅನ್ನ, ತರಕಾರಿ, ಮಾಂಸದ ಚೂರು ಮನೆಯಲ್ಲೇ ಬೇರೆಯಾಗಿ ಮುಚ್ಚಿದ ಗೊಬ್ಬರ ಘಟಕಕ್ಕೋ ಬಯೋಗ್ಯಾಸಿಗೋ ಹೋದರೆ, ಗುಂಡಿಗೆ ಉಳಿಯುವುದರಲ್ಲಿ ಹದ್ದಿಗೆ ತುತ್ತೇ ಇರದು. ಮಿಕ್ಕಿದ್ದನ್ನು ಮಾತ್ರ ಭೂಭರ್ತಿಗೆ ಹಾಕಬೇಕೆಂದು ಅದೇ 2016ರ ನಿಯಮಗಳೂ ಹೇಳಿದ್ದವು.

ಅಂಗಡಿಯ ತ್ಯಾಜ್ಯವನ್ನು ಮುಚ್ಚಳದ ಡ್ರಮ್ಮಿನಲ್ಲಿಟ್ಟು ಗಾಡಿಗೇ ಕೊಡಿ. ಹೊಸ ಮಾಸ್ಟರ್ ಪ್ಲಾನಿನ ಕರಡು ಬಂದಾಗ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತಾರೆ. ನಮಗೆ ಬರೆದ ಈ ಪತ್ರವನ್ನೇ, ಕ್ವಾರಿಗಳ ಸರ್ವೆ ನಂಬರ್ ಸೇರಿಸಿ, ಅಲ್ಲಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ.