ಅಪ್ಪನ ಸೈಟ್ ಮಾರಿದ್ರೆ ಟ್ಯಾಕ್ಸ್ ಯಾವುದರ ಮೇಲೆ?

ಪ್ರಶ್ನೆ: ಸರ್, ಅಪ್ಪ 2005ರ ಡಿಸೆಂಬರಲ್ಲಿ 5 ಲಕ್ಷಕ್ಕೆ ತಗೊಂಡಿದ್ದ ಸೈಟು, ಅವರು ತೀರಿಕೊಂಡ ಮೇಲೆ 2024ರ ಕೊನೇಲಿ ವಿಲ್ ಪ್ರಕಾರ ನನ್ನ ಹೆಸರಿಗೆ ಬಂತು. 2025ರ ನವೆಂಬರಲ್ಲಿ 45 ಲಕ್ಷಕ್ಕೆ ಮಾರಿದೆ. ಪುಕ್ಕಟೆ ಬಂದ ಆಸ್ತಿ, ಪೂರ್ತಿ 45 ಲಕ್ಷಕ್ಕೂ ಟ್ಯಾಕ್ಸ್ ಅಂತಾರೆ ಒಬ್ರು. ಲಾಭದ ದುಡ್ಡನ್ನ ಮನೆಗೆ ಹಾಕಿಬಿಡು, ಒಂದು ರೂಪಾಯಿನೂ ಕಟ್ಟೋದು ಬೇಡ ಅಂತಾರೆ ಇನ್ನೊಬ್ರು. ಸಂಬಳ ವರ್ಷಕ್ಕೆ 8 ಲಕ್ಷ, ಸ್ವಂತ ಮನೆ ಒಂದಿದೆ. ಏನು ಮಾಡ್ಲಿ?

ಉತ್ತರ: ಇಬ್ರು ಹೇಳಿದ್ದೂ ಸರಿಯಿಲ್ಲ. ವಿಲ್‌ನಲ್ಲಿ ಬಂದ ಆಸ್ತಿಗೆ ಅಪ್ಪ ಕೊಟ್ಟ ಬೆಲೆನೇ ನಿಮ್ಮ ಬೆಲೆ, ಅವರು ಇಟ್ಕೊಂಡಿದ್ದ ವರ್ಷಗಳೂ ನಿಮ್ಮ ಲೆಕ್ಕಕ್ಕೇ ಬರುತ್ತೆ. ಹಾಗಾಗಿ ನಿಮ್ಮ ಹೆಸರಿಗೆ ಬಂದು 24 ತಿಂಗಳು ಆಗದೇ ಇದ್ರೂ ಇದು ಲಾಂಗ್ ಟರ್ಮ್, ಅಂದ್ರೆ 24 ತಿಂಗಳಿಗಿಂತ ಜಾಸ್ತಿ ಇಟ್ಕೊಂಡ ಆಸ್ತಿ. ಅಪ್ಪ ಕಟ್ಟಿದ ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಖರ್ಚು, ಕಾಂಪೌಂಡ್ ಹಾಕಿಸಿದ್ರೆ ಅದರ ಬಿಲ್ಲು, ಎಲ್ಲಾ ಹುಡುಕಿ ಇಟ್ಕೊಳ್ಳಿ, ಅಷ್ಟೂ ಲಾಭದಲ್ಲಿ ಕಳೆಯುತ್ತೆ.

ಈಗ ರೇಟು. 2024ರ ಜುಲೈ 23ಕ್ಕಿಂತ ಮುಂಚೆ ತಗೊಂಡ ಜಾಗ ಅಥವಾ ಕಟ್ಟಡಕ್ಕೆ, ಭಾರತದಲ್ಲೇ ವಾಸ ಇರೋ ವ್ಯಕ್ತಿಗಳಿಗೆ ಎರಡು ಲೆಕ್ಕ ಇದೆ, ಯಾವುದು ಕಮ್ಮಿ ಬರುತ್ತೋ ಅದನ್ನ ಕಟ್ಟಬಹುದು. ಇಂಡೆಕ್ಸೇಷನ್ (ಕೊಂಡ ಬೆಲೆಯನ್ನ ಹಣದುಬ್ಬರಕ್ಕೆ ತಕ್ಕಂತೆ ಏರಿಸೋದು) ಇಲ್ಲದೆ 12.5 ಪರ್ಸೆಂಟ್ ಅಂದ್ರೆ ಲಾಭ 40 ಲಕ್ಷ, ಟ್ಯಾಕ್ಸ್ 5 ಲಕ್ಷ. ಇಂಡೆಕ್ಸೇಷನ್ ಜೊತೆ 20 ಪರ್ಸೆಂಟ್ ಅಂದ್ರೆ 5 ಲಕ್ಷವನ್ನ ಕೊಂಡ ವರ್ಷದ ಸರ್ಕಾರಿ ಹಣದುಬ್ಬರ ಸೂಚ್ಯಂಕ 117ರಿಂದ ಭಾಗಿಸಿ ಮಾರಿದ ವರ್ಷದ ಸೂಚ್ಯಂಕ 376ರಿಂದ ಗುಣಿಸ್ಬೇಕು, ಅದು 16.07 ಲಕ್ಷ ಆಗುತ್ತೆ, ಲಾಭ 28.93 ಲಕ್ಷಕ್ಕೆ ಇಳಿಯುತ್ತೆ, ಟ್ಯಾಕ್ಸ್ ಮಾತ್ರ ಸುಮಾರು 5.79 ಲಕ್ಷ. 2024ರಲ್ಲಿ ಇಂಡೆಕ್ಸೇಷನ್ ಹೋಯ್ತು ಅಂತ ಎಷ್ಟು ಗಲಾಟೆ ಆಯ್ತು ನೋಡಿ, ನಿಮ್ಮ ಕೇಸಲ್ಲಿ ಹೊಸ 12.5ರ ಲೆಕ್ಕವೇ ಅಗ್ಗ! ಇದೇ ಸೈಟು 30 ಲಕ್ಷಕ್ಕೆ ಹೋಗಿದ್ರೆ ಹಳೇದೇ ಲಾಭ ಇತ್ತು, 3.12 ಲಕ್ಷದ ಬದಲು 2.79 ಲಕ್ಷ. ಬೆಲೆ ಜಾಸ್ತಿ ಏರಿದ ಜಾಗಕ್ಕೆ 12.5, ನಿಧಾನಕ್ಕೆ ಏರಿದ್ದಕ್ಕೆ 20, ಹೆಚ್ಚುಕಮ್ಮಿ ಹೀಗೇ. ಎರಡರ ಮೇಲೂ 4 ಪರ್ಸೆಂಟ್ ಸೆಸ್ ಬೇರೆ.

ಮನೆಗೆ ಹಾಕೋ ವಿಷಯದಲ್ಲೇ ಜನ ಎಡವೋದು. ನೀವು ಮಾರಿದ್ದು ಮನೆ ಆಗಿದ್ರೆ ಸೆಕ್ಷನ್ 54, ಲಾಭದಷ್ಟು ಹಾಕಿದ್ರೆ ಸಾಕಿತ್ತು. ಆದ್ರೆ ಸೈಟಿಗೆ 54ಎಫ್, ಇಲ್ಲಿ ಬ್ರೋಕರ್ ಕಮಿಷನ್ ಥರದ ಖರ್ಚು ಬಿಟ್ಟು ಬಂದ ಪೂರ್ತಿ ದುಡ್ಡು ಹೋಗ್ಬೇಕು. 45ರಲ್ಲಿ 30 ಲಕ್ಷ ಮಾತ್ರ ಹಾಕಿದ್ರೆ ವಿನಾಯಿತಿ 40 ಲಕ್ಷಕ್ಕಲ್ಲ, ಅದರ ಮೂರರಲ್ಲಿ ಎರಡು ಪಾಲಿಗೆ, ಉಳಿದ 13.33 ಲಕ್ಷಕ್ಕೆ ಟ್ಯಾಕ್ಸ್ ಕಟ್ಲೇಬೇಕು. ಕೊಳ್ಳೋಕೆ 2 ವರ್ಷ, ಕಟ್ಟಿಸೋಕೆ 3 ವರ್ಷ ಟೈಮ್ ಇದೆ, ಆದ್ರೆ ರಿಟರ್ನ್ ಹಾಕೋ ಕೊನೇ ದಿನದೊಳಗೆ ಖರ್ಚಾಗದ ದುಡ್ಡನ್ನ ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಅಕೌಂಟಿಗೆ ಹಾಕಿಡಬೇಕು, ಸೇವಿಂಗ್ಸ್ ಅಕೌಂಟಲ್ಲೇ ಬಿಟ್ರೆ ವಿನಾಯಿತಿ ಹೋಯ್ತು. ಒಂದು ಮನೆ ಇರೋದು ತೊಂದ್ರೆ ಇಲ್ಲ, ಎರಡು ಇದ್ದಿದ್ರೆ 54ಎಫ್ ಸಿಗ್ತಿರಲಿಲ್ಲ.

ಮನೆ ಬೇಡ ಅಂದ್ರೆ ಆರ್‌ಇಸಿ, ಪಿಎಫ್‌ಸಿ ಥರದ ಸರ್ಕಾರಿ ಕಂಪನಿಗಳು ಕೊಡೋ, ಸೆಕ್ಷನ್ 54ಇಸಿ ವಿನಾಯಿತಿ ಇರೋ ಬಾಂಡ್ ತಗೊಳ್ಳಿ. ಇಲ್ಲಿ ಲಾಭದಷ್ಟು ಅಂದ್ರೆ 40 ಲಕ್ಷ ಹಾಕಿದ್ರೆ ಸಾಕು, ಮಿತಿ 50 ಲಕ್ಷ. ಮಾರಿದ ದಿನದಿಂದ 6 ತಿಂಗಳೊಳಗೆ ಹಾಕ್ಬೇಕು, 5 ವರ್ಷ ತೆಗೆಯೋಕಾಗಲ್ಲ, ಬಡ್ಡಿಗೆ ಟ್ಯಾಕ್ಸ್ ಇದೆ. ಇನ್ನೊಂದು ಮನೆ ನಿಜವಾಗ್ಲೂ ಬೇಕಿಲ್ಲದಿದ್ರೆ ಬರೀ ಟ್ಯಾಕ್ಸ್ ಉಳಿಸೋಕೆ ಅಂತ 45 ಲಕ್ಷ ಸಿಗಿಸಿಕೊಳ್ಳೋದು ನನಗಂತೂ ಸರಿ ಕಾಣಲ್ಲ.

ಪ್ರಶ್ನೆ: ಈಕ್ವಿಟಿ ಮ್ಯೂಚುವಲ್ ಫಂಡ್ ಎಸ್‌ಐಪಿ ಮಾರಿ 1.80 ಲಕ್ಷ ಲಾಭ ಬಂತು. ಶುರು ಮಾಡಿ 3 ವರ್ಷ ಆಗಿದೆ, ಎಲ್ಲಾ ಲಾಂಗ್ ಟರ್ಮ್ ತಾನೇ?

ಉತ್ತರ: ಎಲ್ಲಾ ಅಲ್ಲ. ಪ್ರತಿ ಕಂತಿಗೂ 12 ತಿಂಗಳ ಲೆಕ್ಕ ಬೇರೆ ಬೇರೆ, ಪೂರ್ತಿ ಮಾರಿದ್ರೆ ಕೊನೇ ವರ್ಷದ ಕಂತುಗಳ ಲಾಭ ಶಾರ್ಟ್ ಟರ್ಮ್, ಅದಕ್ಕೆ 20 ಪರ್ಸೆಂಟ್. ಲಾಂಗ್ ಟರ್ಮ್ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ, ಮೇಲಿನದ್ದಕ್ಕೆ 12.5. ಅರ್ಜೆಂಟ್ ಇಲ್ಲ ಅಂದ್ರೆ ಮುಂದಿನ ಸಲ ಹಳೇ ಯೂನಿಟ್‌ಗಳನ್ನ ಒಂದಷ್ಟು ಮಾರ್ಚಲ್ಲಿ, ಇನ್ನೊಂದಷ್ಟು ಹೊಸ ಹಣಕಾಸು ವರ್ಷ ಶುರುವಾಗೋ ಏಪ್ರಿಲಲ್ಲಿ ಮಾರಿ, ಆ 1.25 ಲಕ್ಷ ಎರಡು ಸಲ ಸಿಗುತ್ತೆ.